ಉಕ್ಕಿನ ಬಲವೂ ಅಂದಾಜೇ? – ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ಕೈಗಾ ಲೇಖನದಲ್ಲಿ ‘ಕೊಳವೆಯ ಉಕ್ಕಿಗೆ ಇಷ್ಟೇ ಬಲವೆಂಬ ನಿಶ್ಚಿತ ಅಂಕಿ ಇಲ್ಲ’ ಎಂದು ಬರೆದದ್ದನ್ನು ಓದಿ, ಬಲವೇ ಗೊತ್ತಿಲ್ಲದ ಕೊಳವೆಯನ್ನು ರಿಯಾಕ್ಟರಿಗೆ ಜೋಡಿಸುವುದು ಯಾವ ಧೈರ್ಯದಿಂದ ಎಂದು ಕಾರವಾರದಿಂದ ಕೇಳಿದ್ದೀರಿ.

ಬಲ ಗೊತ್ತಿಲ್ಲವೆಂದಲ್ಲ, ಅದು ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಎ-106 ಬಿ ದರ್ಜೆಯ ಇಂಗಾಲದ ಉಕ್ಕಿಗೆ ಮಾನಕ (ಉಕ್ಕಿನ ಗುಣಮಟ್ಟದ ನಿಯಮ) ಕೇಳುವ ಕನಿಷ್ಠ ಕರ್ಷಣ ಬಲ, ಅಂದರೆ ಎಳೆದಾಗ ತುಂಡಾಗದೆ ತಾಳುವ ಬಲ, 415 ಮೆಗಾಪಾಸ್ಕಲ್. ಕಾರ್ಖಾನೆಯಿಂದ ಬರುವ ಉಕ್ಕು ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿ, ಆದರೆ ಒಂದು ಎರಕದಷ್ಟೇ ಇನ್ನೊಂದು ಗಟ್ಟಿಯಿರುವುದಿಲ್ಲ. ಗೋಡೆಯ ದಪ್ಪವೂ ಹೇಳಿದ್ದಕ್ಕಿಂತ ಶೇ. 12.5ರವರೆಗೆ ಕಡಿಮೆಯಿರಬಹುದೆಂದು ಮಾನಕವೇ ಒಪ್ಪುತ್ತದೆ. ಇತ್ತ ಹೊರೆಯೂ ಹಾಗೆಯೇ: ಒಳಗಿನ ಒತ್ತಡವನ್ನು ಸಾಕಷ್ಟು ಖಚಿತವಾಗಿ ಹೇಳಬಹುದು, ಭೂಕಂಪದ ಅಲುಗಾಟವನ್ನು ಹೇಳಲಾಗದು. ಶಿರಸಿ ಕಡೆ ಹಳ್ಳಕ್ಕೆ ಅಡಿಕೆ ಮರದ ಸಂಕ ಹಾಕುವವರು ಮರವನ್ನೂ ಮಳೆಗಾಲವನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯುತ್ತಾರಲ್ಲ, ವಿನ್ಯಾಸಕಾರನ ಲೆಕ್ಕವೂ ಅದೇ.

ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಸಂಹಿತೆ, ಸುರಕ್ಷತೆಗೆ ಅತಿ ಮುಖ್ಯವಾದ ಮೊದಲ ದರ್ಜೆಯ ಇಂಥ ಉಕ್ಕಿನ ಕೊಳವೆಗಳಿಗೆ ಕರ್ಷಣ ಬಲದ ಮೂರನೇ ಒಂದು ಭಾಗ, ಯೀಲ್ಡ್ ಬಲದ (ಉಕ್ಕು ಶಾಶ್ವತವಾಗಿ ಹಿಗ್ಗಲಾರಂಭಿಸುವ ಹಂತದ ಬಲ) ಮೂರನೇ ಎರಡು ಭಾಗ, ಇವುಗಳಲ್ಲಿ ಚಿಕ್ಕದಕ್ಕೆ ಬದ್ಧವಾಗಿ, ಉಕ್ಕಿನ ಮೇಲೆ ಎಷ್ಟು ಒತ್ತಾಯ ಬೀಳಬಹುದೆಂಬ ಮೂಲ ಮಿತಿಯನ್ನು ಕಟ್ಟುತ್ತದೆ. ಬಲಕ್ಕೂ ಮಿತಿಗೂ ನಡುವೆ ಹೀಗೆ ಬಿಡುವ ಈ ಅಂತರ, ಅಂದರೆ ಸುರಕ್ಷಾ ಗುಣಾಂಕ, ಅನುಭವದಿಂದ ಬಂದದ್ದು, ಗಟ್ಟಿಯಾದದ್ದೇ. ಆದರೆ ಕೊಳವೆ ಒಡೆಯುವ ಸಂಭವ ಎಷ್ಟೆಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದಲೇ ಪ್ರತಿ ಹೊರೆಗೂ ಬಲಕ್ಕೂ, ಅದರದರ ಅನಿಶ್ಚಿತತೆಗೆ ತಕ್ಕಂತೆ, ಬೇರೆ ಬೇರೆ ಗುಣಾಂಕ ಕೊಡುವ ಸಂಭಾವ್ಯತಾ ವಿಧಾನವನ್ನು ತಜ್ಞರು ಬೆಳೆಸಿದ್ದಾರೆ. ಅನಿಶ್ಚಿತತೆಯನ್ನು ಒಂದೇ ಅಂಕಿಯಡಿ ಮುಚ್ಚಿಡುವುದಕ್ಕಿಂತ ಬಿಡಿಸಿ ತೋರಿಸುವುದು ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ.

ನನಗೆ ನಿಜವಾಗಿ ಕಳವಳ ತರುವುದು ಹೊಸ ಕೊಳವೆಯಲ್ಲ, ಹಳೆಯದು. ಜಪಾನಿನ ಮಿಹಾಮಾ ಸ್ಥಾವರದಲ್ಲಿ 2004ರ ಆಗಸ್ಟ್ 9ರಂದು ಟರ್ಬೈನ್ ಭಾಗದ ಕೊಳವೆಯೊಂದು ಒಡೆದು ಐವರು ಸತ್ತರು. ಅದು ವಿಕಿರಣದ ಅಪಘಾತವಲ್ಲ. ರಭಸದಿಂದ ಹರಿಯುವ ಬಿಸಿನೀರು ಉಕ್ಕಿನ ರಕ್ಷಣಾ ಪದರವನ್ನು ಕರಗಿಸುತ್ತ ಬಂದು, 10 ಮಿ.ಮೀ. ದಪ್ಪದ ಗೋಡೆಯನ್ನು ಕೆಲವೆಡೆ 2 ಮಿ.ಮೀ.ಗಿಂತಲೂ ತೆಳ್ಳಗೆ ಮಾಡಿತ್ತು. ಆ ಜಾಗ ತಪಾಸಣೆಯ ಪಟ್ಟಿಯಿಂದಲೇ ಬಿಟ್ಟುಹೋಗಿತ್ತು. ಪಟ್ಟಿಯಲ್ಲಿಲ್ಲದ ಕೊಳವೆಯನ್ನು ಯಾವ ಗುಣಾಂಕವೂ ಕಾಯಲಾರದು.

2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಕೈಗಾದ ಮೊದಲೆರಡು ಘಟಕಗಳಿಗೂ ಈಗ ವಯಸ್ಸಾಗಿದೆ. ತಾವು ಅಲ್ಲಿಯವರನ್ನು ಕೇಳುವುದಾದರೆ ಉಕ್ಕಿನ ಬಲವನ್ನಲ್ಲ, ಕೊಳವೆಯ ಯಾವ ಬಾಗುಗಳ ದಪ್ಪವನ್ನು ಅಲ್ಟ್ರಾಸಾನಿಕ್ ಯಂತ್ರದಿಂದ ಯಾವಾಗ ಅಳೆದರು, ಹಿಂದಿನ ಸಲಕ್ಕಿಂತ ಎಷ್ಟು ಸವೆದಿತ್ತು ಎಂಬುದನ್ನು ಕೇಳಿ.

– ಸಂಪಾದಕ