30×40 ಸೈಟಿನಲ್ಲಿ ಬೇಸ್‌ಮೆಂಟ್ ತೆಗೆಸಬಹುದೇ, ಅದರಲ್ಲಿ ಹಳೆಯ ಉಪಕರಣಗಳನ್ನು ಇಡಬಹುದೇ?

ಬೆಂಗಳೂರಿನ ಉತ್ತರಹಳ್ಳಿಯ ಕಡೆ 30×40 ಅಡಿಯ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿರುವ ನೀವು ಮೂರು ವಿಷಯ ಕೇಳಿದ್ದೀರಿ: ಬೇಸ್‌ಮೆಂಟ್ ತೆಗೆಸಿ ಅಲ್ಲೊಂದು ಮರಗೆಲಸದ ಕೋಣೆ ಮಾಡಿಕೊಳ್ಳಬಹುದೇ, ಅಗೆಯುವಾಗ ಯಾವ ಅನಿರೀಕ್ಷಿತ ಖರ್ಚುಗಳು ಎದುರಾಗಬಹುದು, ನಿಮ್ಮ ತಾತನವರ ಉಳಿ, ಗರಗಸಗಳಿಗೆ ಅಲ್ಲಿ ತುಕ್ಕು ಹಿಡಿಯುವುದಿಲ್ಲವೇ. ಮನೆ ಕಟ್ಟುವ ಕೆಲಸದ ಮೇಲ್ವಿಚಾರಣೆ ನನ್ನ ವೃತ್ತಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೈಟು ಏರಿನಲ್ಲಿದ್ದು, ಕೆಳಗೆ ಗಟ್ಟಿ ಮಣ್ಣಿದ್ದು, ರಸ್ತೆಯ ಮಳೆನೀರು ನಿಮ್ಮ ಗೇಟಿನ ಕಡೆಗೆ ಬಾರದಂತಿದ್ದರೆ ಮಾತ್ರ ಬೇಸ್‌ಮೆಂಟ್ ತೆಗೆಸಿ; ಇಲ್ಲವಾದರೆ ಅದೇ ಹಣದಲ್ಲಿ ತಾರಸಿಯ ಮೇಲೆ ಒಂದು ಕೋಣೆ ಹಾಕಿಸಿಕೊಳ್ಳುವುದು ಲೇಸು.

ಆರ್ಕಿಟೆಕ್ಟ್ ನಕ್ಷೆ ಬರೆಯುವುದಕ್ಕೂ ಮೊದಲು ಸೈಟಿನ ಎರಡು ಮೂಲೆಗಳಲ್ಲಿ, ಬೇಸ್‌ಮೆಂಟಿನ ತಳಕ್ಕಿಂತ ಎರಡು ಮೂರು ಅಡಿ ಆಳದವರೆಗೆ ಪರೀಕ್ಷಾ ಗುಂಡಿ ತೆಗೆಸಿ, ಹಾಗೂ ಗುಂಡಿಯೊಳಗೆ ಯಾರನ್ನೂ ಇಳಿಸದೆ ಮೇಲಿನಿಂದಲೇ ಮಣ್ಣನ್ನು ನೋಡಿ. ಬೆಂಗಳೂರಿನ ನೆಲದಲ್ಲಿ ಸಾಮಾನ್ಯವಾಗಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಹಾರೆಗೆ ಪುಡಿಯಾಗುವ ಶಿಥಿಲ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ ಸಿಗುತ್ತವೆ. ಲಾಲ್‌ಬಾಗ್‌ನಲ್ಲಿ ಬಯಲಾಗಿ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ (gneiss) ಎಂಬ ಶಿಲೆಯೇ ಊರಿನ ಬಹುಭಾಗದ ಅಡಿಯಲ್ಲಿದೆ. ಆದರೆ ಬಂಡೆ ಒಂದೇ ಸಮತಟ್ಟಿನಲ್ಲಿರುವುದಿಲ್ಲ. ಒಂದು ಮೂಲೆಯಲ್ಲಿ ಹನ್ನೆರಡು ಅಡಿಯವರೆಗೂ ಸಲೀಸಾಗಿ ಅಗೆದ ಜೆಸಿಬಿ ಇನ್ನೊಂದು ಮೂಲೆಯಲ್ಲಿ ಐದೇ ಅಡಿಗೆ ಹಲ್ಲು ಕಿರಿಯುವುದನ್ನು ಬನಶಂಕರಿಯ ಕಡೆ ಎಷ್ಟೋ ಸಲ ನೋಡಿದ್ದೇನೆ. ಮನೆಗಳ ನಡುವೆ ಸಿಡಿಮದ್ದು ಸಿಡಿಸಲಾಗದು. ಬಂಡೆ ಒಡೆಯುವ ಬ್ರೇಕರ್ ಯಂತ್ರ ತರಿಸಬೇಕು, ಇಲ್ಲವೇ ರಂಧ್ರ ಕೊರೆದು ಹಿಗ್ಗುವ ಸುಣ್ಣದ ಪುಡಿಯನ್ನು ತುಂಬಿ ಬಂಡೆಯನ್ನು ಸದ್ದಿಲ್ಲದೆ ಸೀಳಬೇಕು. ಆದ್ದರಿಂದ ಮಣ್ಣಿನ ದರ ಬೇರೆ, ಬಂಡೆಯ ದರ ಬೇರೆ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಮಣ್ಣು ಸಾಗಿಸುವ ಲೆಕ್ಕದಲ್ಲಿಯೂ ಹಲವರು ಬೆಚ್ಚಿಬೀಳುತ್ತಾರೆ: 25×35 ಅಡಿ ಅಗಲಕ್ಕೆ ಹತ್ತು ಅಡಿ ಆಳ ತೆಗೆದರೆ ನೆಲದಲ್ಲಿ ಅದು 8,750 ಘನ ಅಡಿ, ಅಗೆದು ಸಡಿಲವಾದ ಮೇಲೆ ಕಾಲು ಭಾಗದಷ್ಟು ಉಬ್ಬಿ ಸುಮಾರು 11,000 ಘನ ಅಡಿಯಾಗುತ್ತದೆ. ಟಿಪ್ಪರ್‌ನವರು ಲೆಕ್ಕ ಹಾಕುವುದು ಈ ಉಬ್ಬಿದ ಮಣ್ಣನ್ನು.

ಬಂಡೆಗಿಂತ ಕೆಟ್ಟ ಸುದ್ದಿಯೆಂದರೆ ಕೆರೆಯ ಗೋಡು, ಅಂದರೆ ಕೆರೆಯ ತಳದ ಹೂಳು. ಮೇಲಿನ ನಾಲ್ಕೈದು ಅಡಿಯಲ್ಲಿ ಇಟ್ಟಿಗೆಚೂರು, ಪ್ಲಾಸ್ಟಿಕ್, ಹರಿದ ಗೋಣಿ ಸಿಕ್ಕು, ಅದರ ಕೆಳಗೆ ಕಪ್ಪಗೆ, ಮೆತ್ತಗೆ, ಹಿಡಿದು ಹಿಸುಕಿದರೆ ಬೆರಳುಗಳ ಸಂದಿನಿಂದ ಜಾರುವ, ಮೂಗಿಗೆ ಕೊಳೆತ ಎಲೆಯ ವಾಸನೆ ಬರುವ ಮಣ್ಣು ಸಿಕ್ಕಿದರೆ ನೀವು ನಿಂತಿರುವುದು ಹಳೆಯ ಕೆರೆಯಂಗಳದಲ್ಲೋ ಹಳ್ಳದಲ್ಲೋ ಎಂದು ತಿಳಿಯಬೇಕು. ಈ ಊರಿನಲ್ಲಿ ಇದು ಅಪರೂಪವೇನಲ್ಲ: ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ನಿಮ್ಮ ಸರ್ವೆ ನಂಬರಿನ ಗ್ರಾಮ ನಕ್ಷೆಯನ್ನು ತೆಗೆಸಿದರೆ ಕೆರೆ, ಹಳ್ಳ, ಕಾಲುವೆಗಳೆಲ್ಲ ಅದರಲ್ಲಿ ಕಾಣುತ್ತವೆ. ಅದರ ಜೊತೆಗೆ, ಬೀದಿಯ ಕೊನೆಯ ಹಳೆಯ ಮನೆಯಲ್ಲಿರುವ ಹಿರಿಯರನ್ನು ಒಮ್ಮೆ ಮಾತನಾಡಿಸಿ; ಇಲ್ಲಿ ಮೊದಲು ತೋಟವಿತ್ತೇ, ಬಾವಿಯಿತ್ತೇ, ಮಳೆಗಾಲದಲ್ಲಿ ನೀರು ಯಾವ ಕಡೆ ನಿಲ್ಲುತ್ತಿತ್ತು ಎಂಬುದು ಯಾವ ದಾಖಲೆಗಿಂತಲೂ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಮುಚ್ಚಿದ ಬಾವಿಯೊಂದು ಪಾಯದ ಅಡಿಗೆ ಬಂದರೆ ಅದರ ಮೇಲೆ ಕಂಬ ನಿಲ್ಲಿಸದೆ ಅತ್ತಿತ್ತಲಿನ ಗಟ್ಟಿ ನೆಲದ ಮೇಲೆ ತೊಲೆ ಹಾಯಿಸಬೇಕಾಗುತ್ತದೆ; ಅದರ ವಿನ್ಯಾಸವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮಾಡಬೇಕು, ಮೇಸ್ತ್ರಿಯಲ್ಲ.

ಪಕ್ಕದ ಮನೆಯ ವಿಷಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯ ಮನೆಗಳ ಸೈಜುಗಲ್ಲಿನ ಪಾಯ ಮೂರು ನಾಲ್ಕು ಅಡಿಗಿಂತ ಆಳವಿರುವುದು ಕಡಿಮೆ. ನೀವು ಅದರ ಪಕ್ಕದಲ್ಲೇ ಹತ್ತು ಅಡಿ ಇಳಿದರೆ ಆ ಪಾಯದ ಕೆಳಗಿನ ಮಣ್ಣಿಗೆ ಆಸರೆ ಉಳಿಯುವುದಿಲ್ಲ. ಒಣಗಿದ ಕೆಂಪು ಮಣ್ಣು ಗೋಡೆಯಂತೆ ನೆಟ್ಟಗೆ ನಿಂತಿರುವುದನ್ನು ಕಂಡು ಧೈರ್ಯ ತಾಳುವವರೇ ಹೆಚ್ಚು. ಒಂದೇ ಒಂದು ರಾತ್ರಿಯ ಮಳೆಗೆ ಅದು ಕುಸಿಯುತ್ತದೆ. ಒಂದೂವರೆ ಮೀಟರಿಗಿಂತ ಆಳವಾದ ಅಗೆತಕ್ಕೆ ಆಸರೆ ಕೊಡಬೇಕು, ಇಲ್ಲವೇ ಅಂಚನ್ನು ಇಳಿಜಾರಾಗಿ ಕತ್ತರಿಸಬೇಕು. ಜನವರಿಯಿಂದ ಮಾರ್ಚಿಯೊಳಗೆ ಅಗೆತ ಮುಗಿಸಿ ಗೋಡೆ ಎಬ್ಬಿಸಿಬಿಡುವುದು ಕ್ಷೇಮ. ಅಗೆಯುವ ಮುನ್ನ ಪಕ್ಕದ ಮನೆಯ ಗೋಡೆಗಳ ಬಿರುಕುಗಳನ್ನು ಆ ಮನೆಯವರ ಎದುರಿನಲ್ಲೇ, ದಿನಾಂಕ ಬರುವಂತೆ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ.

ಈಗ ನೀರಿನ ಮಾತು. ಗೋಡೆಯ ಹೊರಗೆ ಒಂದು ಮೀಟರ್ ನೀರು ನಿಂತರೆ ತಳದಲ್ಲಿ ಚದರ ಮೀಟರಿಗೆ ಒಂದು ಟನ್ ಒತ್ತಡ ಬೀಳುತ್ತದೆ. ಮೂರು ಮೀಟರ್ ನಿಂತರೆ ಮೂರು ಟನ್, ಅಷ್ಟೇ ಬಲದಿಂದ ಅದು ನೆಲದ ಸ್ಲ್ಯಾಬನ್ನೂ ಕೆಳಗಿನಿಂದ ಎತ್ತುತ್ತದೆ. ಇಟ್ಟಿಗೆಯ ಗೋಡೆ ಇದಕ್ಕೆ ಸಾಲದು, ಕಬ್ಬಿಣ ಕಟ್ಟಿದ ಕಾಂಕ್ರೀಟ್ ಗೋಡೆಯೇ ಬೇಕು. ಜಲನಿರೋಧಕ ಲೇಪನವನ್ನು ನೀರು ತಾಗುವ ಹೊರಮೈಗೆ ಕೊಡಬೇಕು, ಅದಕ್ಕೆ ಗೋಡೆಯ ಹೊರಗೆ ಆಳು ನಿಂತು ಕೆಲಸ ಮಾಡುವಷ್ಟು, ಅಂದರೆ ಎರಡು ಮೂರು ಅಡಿ ಜಾಗ ಬೇಕು. ಮೂವತ್ತು ಅಡಿ ಅಗಲದ ಸೈಟಿನಲ್ಲಿ ಎರಡೂ ಬದಿ ಅಷ್ಟು ಬಿಡಲು ಮನಸ್ಸಾಗದೆ ಗಡಿಗೆ ಒತ್ತಿ ಗೋಡೆ ಕಟ್ಟಿ, ಆಮೇಲೆ ಒಳಗಿನಿಂದ ರಾಸಾಯನಿಕ ಬಳಿಸುವವರೇ ಹೆಚ್ಚು. ಒಳಗೆ ಬಳಿದದ್ದನ್ನು ಹೊರಗಿನ ನೀರು ಎಬ್ಬಿಸಿ ಉದುರಿಸುತ್ತದೆ. ಸಣ್ಣ ಸೈಟಿನಲ್ಲಿ ಬೇಸ್‌ಮೆಂಟಿಗೆ ನಾನು ಸುಲಭವಾಗಿ ಒಪ್ಪದಿರುವುದಕ್ಕೆ ಮುಖ್ಯ ಕಾರಣ ಇದೇ. ತಳದ ಸ್ಲ್ಯಾಬೂ ಗೋಡೆಯೂ ಸೇರುವ ಸಂದಿಯಲ್ಲಿ ನೀರು ನುಸುಳದಂತೆ ತಡೆಯುವ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಹಾಕಿಸದಿದ್ದರೆ ಮೊದಲ ಸೋರಿಕೆ ಅಲ್ಲಿಂದಲೇ. ಕುಡಿಯುವ ನೀರಿನ ಸಂಪನ್ನು ಬೇಸ್‌ಮೆಂಟ್ ಗೋಡೆಗೆ ತಾಗಿಸಬೇಡಿ; ಮಳೆನೀರು ಇಂಗುಗುಂಡಿಯನ್ನಂತೂ ಸೈಟಿನ ಇನ್ನೊಂದು ತುದಿಗೆ ಒಯ್ಯಿರಿ.

ಒಳಗೆ ಸೇರಿದ ನೀರನ್ನು ಒಂದು ಮೂಲೆಯ ಗುಂಡಿಗೆ ಹರಿಸಿ ಪಂಪಿನಿಂದ ಎತ್ತಬೇಕಾಗುತ್ತದೆ. ಭಾರಿ ಮಳೆಯ ಹೊತ್ತಿಗೇ ಕರೆಂಟ್ ಹೋಗುತ್ತದೆ, ಆದ್ದರಿಂದ ಪಂಪಿಗೆ ಇನ್ವರ್ಟರೋ ಜನರೇಟರೋ ಬೇಕು. ಪ್ಲಗ್, ಸ್ವಿಚ್‌ಬೋರ್ಡುಗಳೆಲ್ಲ ಎದೆಮಟ್ಟಕ್ಕಿಂತ ಮೇಲಿರಲಿ, ವಿದ್ಯುತ್ ಸೋರಿದ ಕೂಡಲೇ ಕರೆಂಟ್ ಕಡಿಯುವ ಆರ್‌ಸಿಸಿಬಿ ಸ್ವಿಚ್ಚನ್ನು ತಪ್ಪದೆ ಹಾಕಿಸಿ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟುಗಳು ತುಂಬಿದ್ದು ನಿಮಗೆ ನೆನಪಿರಬಹುದು. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಿನ ಕಡೆ ಅಪಾರ್ಟ್‌ಮೆಂಟೊಂದರಲ್ಲಿ ತುಂಬಿದ ಮಳೆನೀರನ್ನು ಪಂಪಿನಿಂದ ಹೊರಹಾಕಲು ಹೋಗಿ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು, ಅವರಲ್ಲಿ ಒಬ್ಬ ಬಾಲಕ.

ಇನ್ನು ಉಪಕರಣಗಳು. ಗಾಳಿಯ ತೇವ ಶೇಕಡಾ 60ರ ಆಚೆ ಹೋದಂತೆ ಬರಿಯ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ, ನಮ್ಮ ಮಳೆಗಾಲದ ಬೆಳಗುಗಳಲ್ಲಿ ಅದು 80ನ್ನೂ ದಾಟುತ್ತದೆ. ಆದ್ದರಿಂದ ಎಷ್ಟೇ ಒಣಗಿದ ಬೇಸ್‌ಮೆಂಟಾದರೂ ಎಣ್ಣೆಯಿಲ್ಲದೆ ಕೆಲಸವಾಗದು. ಉಳಿಗಳನ್ನು ಗೋಣಿಯಲ್ಲಿಯೋ ಚರ್ಮದ ಚೀಲದಲ್ಲಿಯೋ ಸುತ್ತಿಡಬೇಡಿ, ಅವೆರಡೂ ತೇವವನ್ನು ಹೀರಿ ಹಿಡಿದುಕೊಳ್ಳುತ್ತವೆ. ಒಣಬಟ್ಟೆಯಲ್ಲಿ ಒರಸಿ, ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಹೊರಗೋಡೆಗೆ ತಾಗದಂತೆ ಹಲಗೆಯ ಮೇಲೆ ತೂಗುಹಾಕಿ. ಅಡುಗೆಯ ಎಣ್ಣೆ ಬೇಡ, ಅದು ಕೆಲವೇ ತಿಂಗಳಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಈಗಾಗಲೇ ತುಕ್ಕು ಹತ್ತಿದ್ದರೆ ಉಕ್ಕಿನ ಭಾಗವನ್ನಷ್ಟೇ ಹುಣಸೆ ರಸದಲ್ಲೋ ವಿನೆಗರಿನಲ್ಲೋ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಉಜ್ಜಿ ತೊಳೆದು, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ, ಆ ಕ್ಷಣವೇ ಒಣಗಿಸಿ ಎಣ್ಣೆ ಹಚ್ಚಿ. ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಹೊಸ ಕೆಂಪು ಪದರ ಕಾಣಿಸಿಕೊಳ್ಳುತ್ತದೆ. ಹಳೆಯ ಉಳಿಯನ್ನು ಯಂತ್ರದ ಸಾಣೆಗೆ ಕೊಡುವಾಗ ಪಕ್ಕದಲ್ಲೇ ನಿಂತಿರಿ: ಅಲಗಿನ ತುದಿ ನೀಲಿಗೆ ತಿರುಗಿತೆಂದರೆ ಅಲ್ಲಿಯ ಹದ ಹೋಯಿತು, ಅಷ್ಟು ಭಾಗವನ್ನು ಸವೆಸಿಯೇ ತೆಗೆಯಬೇಕು. ಸಡಿಲವಾದ ಸುತ್ತಿಗೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕುವ ಅಭ್ಯಾಸ ನಮ್ಮ ಸೈಟುಗಳಲ್ಲಿ ಬಹಳ. ನೀರು ಕುಡಿದು ಉಬ್ಬಿದ ಮರದ ಹಿಡಿಕೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ, ಆದ್ದರಿಂದ ಬೆಣೆ ಹೊಡೆಯುವುದೇ ಸರಿಯಾದ ದಾರಿ. ಹಿಡಿಕೆಗಳಿಗೆ ಅಗಸೆ ಎಣ್ಣೆ ಒಳ್ಳೆಯದು, ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿ.

ಎಲ್ಲ ನೋಡಿಯೂ ಬೇಸ್‌ಮೆಂಟ್ ಕಟ್ಟಿಸಿದಿರಾದರೆ ಮೊದಲ ಮಳೆಗಾಲ ಕಳೆಯುವವರೆಗೆ ತಾತನವರ ಪೆಟ್ಟಿಗೆಯನ್ನು ಕೆಳಗೆ ಇಳಿಸಬೇಡಿ. ನಾಲ್ಕೂ ಗೋಡೆಗಳ ಬುಡದಲ್ಲಿ ಒಂದೊಂದು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪು ಹಾಕಿ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ನೀರು ಹೊರಗಿನ ಮಣ್ಣಿನಿಂದ ಬರುತ್ತಿದೆ. ಆಗ ಗುತ್ತಿಗೆದಾರರ ಕೊನೆಯ ಕಂತಿನ ಹಣವನ್ನು ತಡೆಹಿಡಿದು ಆ ಗೋಡೆಯನ್ನು ಸರಿಮಾಡಿಸಿ. ಕೋಣೆಯ ಕಡೆಯ ಮೈ ಮಾತ್ರ ತೇವವಾಗಿದ್ದರೆ ಅದು ಗಾಳಿಯ ತೇವ. ಅದಕ್ಕೆ ಎದುರುಬದುರು ಕಿಂಡಿಗಳೂ ಒಂದು ಎಕ್ಸಾಸ್ಟ್ ಫ್ಯಾನೂ ಸಾಕಾಗುತ್ತವೆ.