ಕಲರಿಮೀಟರ್ ಒಂದೇ ಇದೆ, ಏನು ಮಾಡಲಿ?

ಪ್ರಶ್ನೆ: ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಸಿಲಬಸ್‌ನಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ಯಂತ್ರ), ಎಎಎಸ್ (ಲೋಹಗಳ ಪ್ರಮಾಣ ಅಳೆಯುವ ಯಂತ್ರ) ಎಲ್ಲಾ ಇವೆ. ನಮ್ಮ ಲ್ಯಾಬ್‌ನಲ್ಲಿರುವುದು ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಒಂದು ಕಲರಿಮೀಟರ್ ಮಾತ್ರ. ಯಂತ್ರಗಳ ಚಿತ್ರ ಬಾಯಿಪಾಠ ಮಾಡಿ ಪಾಸಾಗುತ್ತೇನೆ. ಇಂಟರ್‌ವ್ಯೂನಲ್ಲಿ ಏನು ಹೇಳಲಿ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಆ ಕಲರಿಮೀಟರನ್ನು ಕಡೆಗಣಿಸಬೇಡಿ. ಔಷಧಿ ಕಾರ್ಖಾನೆಯ ಲ್ಯಾಬ್‌ನಲ್ಲಿ ನಾನು 26 ವರ್ಷ ಕೆಲಸ ಮಾಡಿದ್ದೇನೆ. ಹೊಸಬರನ್ನು ಮೊದಲು ಕೇಳುತ್ತಿದ್ದದ್ದು, 'ಬ್ಲ್ಯಾಂಕ್ (ಅಳೆಯಬೇಕಾದ ವಸ್ತು ಒಂದನ್ನು ಬಿಟ್ಟು ಉಳಿದೆಲ್ಲ ಇರುವ ದ್ರಾವಣ) ಯಾಕೆ ಇಡುತ್ತೀರಿ?' ಎಂದು. ಎಷ್ಟೋ ಜನ ಅಲ್ಲೇ ತಡವರಿಸುತ್ತಿದ್ದರು.

ಪೊಟ್ಯಾಶಿಯಂ ಪರ್ಮಾಂಗನೇಟ್‌ನ ಐದು ತೆಳು ದ್ರಾವಣ ಮಾಡಿ, ಒಂದಕ್ಕಿಂತ ಒಂದು ಗಾಢವಾಗಿರಲಿ. ಅದರ ಬಣ್ಣ ನೇರಳೆ. ಹೀರುವುದು ಹಸಿರು ಬೆಳಕನ್ನು, ಸುಮಾರು 525 ನ್ಯಾನೋಮೀಟರ್. ಹಸಿರು ಫಿಲ್ಟರ್ ಹಾಕುವುದು ಅದಕ್ಕೇ. ರೀಡಿಂಗ್ ತೆಗೆದು ಗ್ರಾಫ್ ಎಳೆಯಿರಿ. ಗೆರೆ ನೇರವಾಗಿ ಬಾರದಿದ್ದರೆ ಬೇಜಾರಾಗಬೇಡಿ. ಪಿಪೆಟ್ ತಪ್ಪಾ, ಕ್ಯೂವೆಟ್ (ದ್ರಾವಣ ಹಾಕುವ ಪುಟ್ಟ ಪಾರದರ್ಶಕ ಪಾತ್ರೆ) ಮೇಲೆ ಬೆರಳಿನ ಗುರುತಾ, ದ್ರಾವಣ ಜಾಸ್ತಿ ಗಾಢವಾಯಿತಾ? ಹುಡುಕಿ. ಆಮೇಲೆ ಗೆಳತಿಯಿಂದ ಒಂದು ಗುಟ್ಟಿನ ದ್ರಾವಣ ಮಾಡಿಸಿ, ಅದರ ಪ್ರಮಾಣವನ್ನು ನಿಮ್ಮ ಗ್ರಾಫ್ ನೋಡಿ ಹೇಳಿ. ಎಎಎಸ್‌ನಲ್ಲೂ ನಡೆಯುವುದು ಹೀಗೇ. ಅಲ್ಲಿ ಬೆಳಕು ಹೀರುವುದು ಜ್ವಾಲೆಯಲ್ಲಿರುವ ಪರಮಾಣುಗಳು, ಅಷ್ಟೇ.

ಎಚ್‌ಪಿಎಲ್‌ಸಿ ಚಿತ್ರವನ್ನು ಸುಮ್ನೆ ಉರು ಹೊಡೆಯಬೇಡಿ. ಅದರ ಸಿ18 ಕಾಲಂನಲ್ಲಿ, ಅಂದರೆ ವಸ್ತುಗಳು ಬೇರ್ಪಡುವ ಕೊಳವೆಯಲ್ಲಿ, ಸಿಲಿಕಾ ಕಣಗಳಿಗೆ 18 ಕಾರ್ಬನ್‌ಗಳ ಸರಪಳಿ ಅಂಟಿರುತ್ತದೆ. ಅದಕ್ಕೆ ಎಣ್ಣೆಯ ಗುಣ. ನೀರಿಗೆ ಒಗ್ಗುವ ವಸ್ತು ಅಲ್ಲಿ ನಿಲ್ಲದೆ ಬೇಗ ಹೊರಗೆ ಬರುತ್ತದೆ. ಒಳಗೆ ಹರಿಸುವ ದ್ರವದಲ್ಲಿ ಮೆಥನಾಲ್ ಹೆಚ್ಚಿಸಿದರೆ ಏನಾಗುತ್ತದೆ? ತಡವಾಗಿ ಬರುವುದೂ ಬೇಗ ಬರುತ್ತದೆ. ಇಂಥ ಪ್ರಶ್ನೆಗಳನ್ನು ನೀವೇ ಹಾಕಿಕೊಳ್ಳಿ. ನಾನು ಕೆಲಸಕ್ಕೆ ಸೇರಿದ ವರ್ಷ ಫಾಸ್ಫೇಟ್ ಬಫರ್ (ಫಾಸ್ಫೇಟ್ ಉಪ್ಪು ಕರಗಿಸಿದ ನೀರು) ಓಡಿಸಿದ ಮೇಲೆ ನೀರಿನಿಂದ ತೊಳೆಯದೆ ನೇರವಾಗಿ ಅಸಿಟೋನೈಟ್ರೈಲ್ ಎಂಬ ದ್ರಾವಕ ಬಿಟ್ಟೆ. ಉಪ್ಪು ಒಳಗೇ ಹರಳುಗಟ್ಟಿತು. ಒತ್ತಡ ಏರಿ ಪಂಪ್ ನಿಂತಿತು, ಕಾಲಂ ಹಾಳಾಯಿತು. ಉಪ್ಪು ಯಾವುದರಲ್ಲಿ ಕರಗುತ್ತದೆ ಎಂದು ಪಿಯುಸಿಯಲ್ಲೇ ಓದಿದ್ದೆ. ಯಂತ್ರದ ಮುಂದೆ ಅದು ನೆನಪಾಗಲಿಲ್ಲ.

ಪ್ರಾಜೆಕ್ಟ್‌ಗೆ ದೂರ ಹೋಗಬೇಕಿಲ್ಲ. ನಿಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ ಅಲ್ವಾ? ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪುತ್ತಾರೆ. ಇದನ್ನು ಸ್ಪ್ಯಾಡ್ನ್ಸ್ ಎಂಬ ಬಣ್ಣದ ವಸ್ತು ಬಳಸುವ ವಿಧಾನದಲ್ಲಿ ಅಳೆಯಬಹುದು, 570 ನ್ಯಾನೋಮೀಟರ್ ಸುತ್ತಮುತ್ತಲಿನ ಫಿಲ್ಟರ್ ಇದ್ದರೆ ನಿಮ್ಮ ಕಲರಿಮೀಟರ್ ಸಾಕು. ಫ್ಲೋರೈಡ್ ಏರಿದಂತೆ ಬಣ್ಣ ಇಳಿಯುತ್ತದೆ. ಹಾಗಾಗಿ ಇಲ್ಲಿ ಬ್ಲ್ಯಾಂಕೇ ಎಲ್ಲಕ್ಕಿಂತ ಗಾಢ! ಯಾಕೆ ಎಂದು ಯೋಚಿಸಿ, ನನಗೆ ಬರೆಯಿರಿ. ನೀರನ್ನು ಮಾತ್ರ ಪ್ಲಾಸ್ಟಿಕ್ ಬಾಟಲಿಯಲ್ಲೇ ತನ್ನಿ.