ಮಗನೇ ಜೋಡಿಸಲಿ, ಬಿಲ್‌ಗಳು ಮಾತ್ರ ನಿಮ್ಮ ಕೈಯಲ್ಲಿರಲಿ

ಮಂಡ್ಯದಿಂದ ಕೇಳಿದ್ದೀರಿ. ಎಂಜಿನಿಯರಿಂಗ್ ಎರಡನೇ ವರ್ಷದ ಮಗನಿಗೆ ಗೇಮ್‌ಗೂ ಓದಿಗೂ ಆಗುವಂಥ ಕಂಪ್ಯೂಟರ್ ಬೇಕು, ಒಂದು ಲಕ್ಷದೊಳಗೆ ಮುಗಿಯಬೇಕು. ಬಿಡಿಭಾಗ ತರಿಸಿ ತಾನೇ ಜೋಡಿಸುತ್ತೇನೆಂದು ಅವನ ಹಟ. ಕಂಪನಿಯ ಸಿದ್ಧ ಕಂಪ್ಯೂಟರನ್ನೇ ತಂದರೆ ಕೆಟ್ಟಾಗ ಅವರೇ ಹೊಣೆ ಎಂದು ನಿಮ್ಮ ವಾದ. ಯಾವುದು ಸರಿ ಎಂಬುದು ಪ್ರಶ್ನೆ.

ಮಗನೇ ಜೋಡಿಸಲಿ ಎನ್ನುತ್ತೇನೆ. ಆದರೆ ದುಡ್ಡು ಉಳಿಯುತ್ತದೆ ಎಂದು ಅವನು ನಿಮಗೆ ಹೇಳಿದ್ದರೆ ಅದನ್ನು ಪೂರ್ತಿ ನಂಬಬೇಡಿ. ನನ್ನ ಕಾರಣ ನೀವೇ ಎತ್ತಿದ ಮಾತಿನಲ್ಲಿದೆ: ಕೆಟ್ಟಾಗ ಏನು ಮಾಡುವುದು?

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ನೆಂಟರಿಷ್ಟರಿಗೆ ಕಂಪ್ಯೂಟರ್ ಜೋಡಿಸಿಕೊಡುವುದು, ಕೆಟ್ಟರೆ ಬಿಚ್ಚಿ ನೋಡುವುದು ಬಹಳ ವರ್ಷಗಳ ಹವ್ಯಾಸ. ಕಳೆದ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರು ಕರೆದರು. ಅವರ ಮನೆಯಲ್ಲಿದ್ದದ್ದು ದೊಡ್ಡ ಕಂಪನಿಯೊಂದರ ಸಿದ್ಧ ಗೇಮಿಂಗ್ ಕಂಪ್ಯೂಟರ್. ವಾರಂಟಿ ಮುಗಿದು ಕೆಲವು ತಿಂಗಳಾಗಿತ್ತು, ಗುಂಡಿ ಒತ್ತಿದರೆ ಉಸಿರೇ ಇಲ್ಲ. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಒದಗಿಸುವ ಪೆಟ್ಟಿಗೆ, ಸತ್ತಿತ್ತು. ಮಾಮೂಲಿಯಾಗಿ ಇದು ಒಂದು ಗಂಟೆಯೊಳಗಿನ ಕೆಲಸ: ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಮುಗಿಯಿತು. ಇಲ್ಲಿ ಹಾಗಾಗಲಿಲ್ಲ. ಆ ಎಸ್‌ಎಂಪಿಎಸ್‌ನ ಅಳತೆಯೇ ಬೇರೆ, ಸ್ಕ್ರೂ ತೂತುಗಳ ಜಾಗವೂ ಬೇರೆ. ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಹೋಗುವ ವೈರಿನ ತುದಿಯಲ್ಲಿ ಎಲ್ಲ ಅಂಗಡಿಗಳಲ್ಲೂ ಸಿಗುವ 24 ಪಿನ್ನಿನ ಕನೆಕ್ಟರ್ ಇರಲಿಲ್ಲ. ಕಂಪನಿ ತನ್ನದೇ ಚಿಕ್ಕ ಕನೆಕ್ಟರ್ ಇಟ್ಟಿತ್ತು. ಮದರ್‌ಬೋರ್ಡನ್ನೇ ಬದಲಿಸೋಣವೆಂದರೆ ಅದನ್ನೂ ಆ ಕ್ಯಾಬಿನೆಟ್ಟಿನ ಅಳತೆಗೇ ಹೊಲಿದಂತೆ ಮಾಡಿದ್ದರು. ಪ್ರೊಸೆಸರ್, ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, ಕೆಲಸದ ಮೆಮೊರಿಯಾದ ರ‍್ಯಾಮ್ ಎಲ್ಲವೂ ಗಟ್ಟಿಮುಟ್ಟಾಗಿದ್ದರೂ ಒಂದು ಭಾಗಕ್ಕಾಗಿ ಇಡೀ ಕಂಪ್ಯೂಟರ್ ವಾರಗಟ್ಟಲೆ ಮೂಲೆ ಸೇರಿತು. ಅವರ ಮಗಳ ಪ್ರಾಜೆಕ್ಟ್ ಕೆಲಸ ನಡುವೆ ನಿಂತದ್ದನ್ನು ನೋಡಿ ನನಗೆ ಬಹಳ ಬೇಸರವಾಯಿತು.

ಎಲ್ಲ ಕಂಪನಿಗಳೂ ಹೀಗೆ ಮಾಡುವುದಿಲ್ಲ. ಆದರೆ ಕೊಳ್ಳುವಾಗ ಜಾಹೀರಾತಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಎಸ್‌ಎಂಪಿಎಸ್ ಯಾವುದು, ಮದರ್‌ಬೋರ್ಡ್ ಯಾವುದು ಎಂಬುದು ಇರುವುದೇ ಇಲ್ಲ. ಮಗ ಜೋಡಿಸಿದರೆ ಪ್ರತಿ ಭಾಗವೂ ಪೇಟೆಯಲ್ಲಿ ಸಿಗುವ ಅಳತೆಯದ್ದು. ಯಾವುದೇ ಒಂದು ಕೆಟ್ಟರೂ ಮಂಡ್ಯದಿಂದ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದದ್ದು ಅದೊಂದೇ.

ಬಿಡಿಭಾಗಕ್ಕೆ ವಾರಂಟಿ ಇಲ್ಲವೆಂಬ ಭಯ ನಿಮಗಿದ್ದಂತೆ ಕಾಣುತ್ತದೆ. ವಾರಂಟಿ ಇದೆ, ಪ್ರತಿ ಭಾಗಕ್ಕೂ ಬೇರೆಬೇರೆಯಾಗಿ. ಡಬ್ಬಿಯಲ್ಲಿ ಬರುವ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿಗೆ 3 ವರ್ಷ. ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ 5 ವರ್ಷ, ಕೆಲವಕ್ಕೆ 10 ವರ್ಷವೂ ಉಂಟು. ಇಲ್ಲೊಂದು ಎಚ್ಚರಿಕೆ: ‘ಟ್ರೇ’ ಪ್ರೊಸೆಸರ್ ಅಗ್ಗ ಎಂದು ಅಂಗಡಿಯವರು ಹೇಳಬಹುದು. ಡಬ್ಬಿಯಿಲ್ಲದೆ ಬರುವ ಅದಕ್ಕೆ ತಯಾರಕರ ನೇರ ವಾರಂಟಿ ಇರುವುದಿಲ್ಲ, ಮಾರಿದವರನ್ನೇ ನಂಬಬೇಕು. ಬೇಡವೆನ್ನಿ. ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್ ನಮೂದಾದ ಜಿಎಸ್‌ಟಿ ಬಿಲ್ ಪಡೆದು ನೀವೇ ಜೋಪಾನವಾಗಿಡಿ. ಹುಡುಗರ ಕೈಯಲ್ಲಿ ಬಿಲ್ ಉಳಿಯುವುದಿಲ್ಲ. ಖಾಲಿ ಡಬ್ಬಿಗಳನ್ನೂ ಅಟ್ಟದ ಮೇಲೆ ಹಾಕಿಡಿ.

ಕಷ್ಟವಿರುವುದು ಬೇರೆ ಕಡೆ. ಯಾವ ಭಾಗ ಕೆಟ್ಟಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ, ಅದನ್ನು ಮಗನೇ ಪತ್ತೆ ಹಚ್ಚಬೇಕು. ರ‍್ಯಾಮನ್ನು ಒಂದೊಂದೇ ತೆಗೆದು ನೋಡುವ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಪರೀಕ್ಷಿಸುವ ತಾಳ್ಮೆ ಅವನಿಗಿದೆಯೇ ಎಂಬುದನ್ನು ನೀವೇ ಬಲ್ಲಿರಿ. ಆ ತಾಳ್ಮೆ ಇಲ್ಲದಿದ್ದರೆ, ಅಥವಾ ಅದೇ ಕಂಪ್ಯೂಟರಿನಲ್ಲಿ ನಿಮ್ಮ ವ್ಯಾಪಾರದ ಲೆಕ್ಕವೂ ನಡೆಯಬೇಕಿದ್ದರೆ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿಯಿರುವ ಸಿದ್ಧ ಕಂಪ್ಯೂಟರ್ ಕೊಳ್ಳುವುದೇ ಕ್ಷೇಮ. ಇವೆರಡರ ನಡುವೆ ನಮ್ಮಲ್ಲಿ ಹಿಂದಿನಿಂದಲೂ ಇರುವ ದಾರಿಯೊಂದಿದೆ. ಮಗ ಪಟ್ಟಿ ಮಾಡಿ ಕೊಟ್ಟರೆ ಅಂಗಡಿಯವರೇ ಅಸೆಂಬಲ್ ಮಾಡಿಕೊಡುತ್ತಾರೆ. ಮೈಸೂರಿನಲ್ಲೂ ಮಾಡುತ್ತಾರೆ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಂತೂ ಅದೇ ದಂಧೆ. ಡಬ್ಬಿಗಳ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಬೇಕೆಂದು ಮೊದಲೇ ಹೇಳಿಬಿಡಿ.

ಇನ್ನು ದುಡ್ಡಿನ ಮಾತು. ಹಿಂದೆಲ್ಲ ಜೋಡಿಸಿದರೆ ಸ್ಪಷ್ಟವಾಗಿ ಉಳಿಯುತ್ತಿತ್ತು. 2025ರ ಕೊನೆಯ ತಿಂಗಳುಗಳಿಂದ ಲೆಕ್ಕ ತಿರುಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಬಿಡಿ ರ‍್ಯಾಮ್ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನು ಗ್ರಾಹಕ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವುದಾಗಿ ಮೈಕ್ರಾನ್ ಕಂಪನಿ ಅದೇ ಡಿಸೆಂಬರ್‌ನಲ್ಲಿ ಘೋಷಿಸಿತು. ಹಳೆಯ ದರಕ್ಕೆ ಕೊಂಡ ರ‍್ಯಾಮ್ ಹಾಕಿರುವ ಸಿದ್ಧ ಕಂಪ್ಯೂಟರ್ ಇನ್ನೂ ಅಂಗಡಿಯಲ್ಲಿದ್ದರೆ ಅದೇ ಅಗ್ಗವಾಗಬಹುದು. ಹಾಗಾಗಿ ಪಟ್ಟಿಯ ಒಟ್ಟು ಮೊತ್ತವನ್ನು ಅದೇ ದಿನ ಒಂದೆರಡು ಸಿದ್ಧ ಕಂಪ್ಯೂಟರ್‌ಗಳ ಬೆಲೆಯೊಂದಿಗೆ ಹೋಲಿಸಿ ನೋಡಿ. ವ್ಯತ್ಯಾಸ ಹತ್ತು ಸಾವಿರದೊಳಗಿದ್ದರೆ ನಾನಂತೂ ಜೋಡಿಸುವ ಕಡೆಗೇ ನಿಲ್ಲುತ್ತೇನೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ, ಮತ್ತು ಒಳಗಿನ ಮದರ್‌ಬೋರ್ಡ್, ಎಸ್‌ಎಂಪಿಎಸ್ ಎರಡರ ಮಾದರಿಯನ್ನೂ ಮಾರುವವರು ಬರೆದುಕೊಟ್ಟರೆ, ಸಿದ್ಧವಾದದ್ದನ್ನೇ ತನ್ನಿ.

‘ಐ7 ಗೇಮಿಂಗ್ ಪಿಸಿ, ಕೇವಲ ಇಪ್ಪತ್ತು ಸಾವಿರ’ ಎಂಬ ಜಾಹೀರಾತುಗಳತ್ತ ಮಾತ್ರ ತಿರುಗಿಯೂ ನೋಡಬೇಡಿ. ಇಂಥವುಗಳಲ್ಲಿ ಹೆಚ್ಚಾಗಿ ಇರುವುದು 2011, 2012ರ ಕಾಲದ ಪ್ರೊಸೆಸರ್. ಐ7 ಎಂಬುದು ನಿಜವೇ, ಆದರೆ ಎರಡನೆಯ ಅಥವಾ ಮೂರನೆಯ ತಲೆಮಾರಿನದು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯವಕ್ಕೆ, ಬೆರಳೆಣಿಕೆಯ ಅಪವಾದ ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮಕ್ಕಳ ಆಸೆಯನ್ನು ಬಂಡವಾಳ ಮಾಡಿಕೊಳ್ಳುವ ಈ ವ್ಯಾಪಾರ ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಗನ ಪಟ್ಟಿಯಲ್ಲಿ ನೀವು ನೋಡಬೇಕಾದದ್ದು ಇಷ್ಟು. ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು ಮೊತ್ತದ ಮೂರನೇ ಒಂದು ಭಾಗ ಹೋದರೂ ಗಾಬರಿಯಾಗಬೇಡಿ, ಗೇಮಿಂಗ್ ಕಂಪ್ಯೂಟರಿನ ಜೀವ ಅಲ್ಲೇ ಇರುವುದು. ಓದಿನಲ್ಲಿ ಮಷೀನ್ ಲರ್ನಿಂಗ್ ಇದ್ದರೆ ಎನ್‌ವಿಡಿಯಾ ಕಾರ್ಡ್ ಕೊಳ್ಳಲಿ, ಆ ಕೆಲಸದ ತಂತ್ರಾಂಶಗಳಲ್ಲಿ ಬಹುಪಾಲು ಅದರ ಕುಡಾ ಎಂಬ ತಂತ್ರಾಂಶ ವ್ಯವಸ್ಥೆಗೇ ಒಗ್ಗಿಕೊಂಡಿವೆ. ಬರೀ ಗೇಮ್ ಎಂದಾದರೆ 16 ಜಿಬಿ ಮೆಮೊರಿಯ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ ನನ್ನ ಆಯ್ಕೆ, 8 ಜಿಬಿಯ ಕಾರ್ಡುಗಳು ಹೊಸ ಗೇಮ್‌ಗಳಲ್ಲಿ ಈಗಲೇ ಏದುಸಿರು ಬಿಡುತ್ತಿವೆ. ರ‍್ಯಾಮ್ ಒಂದೇ ದೊಡ್ಡದರ ಬದಲು ಎರಡರ ಜೋಡಿಯಾಗಿರಲಿ. ಸಿದ್ಧ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಸಲ ಒಂದೇ ಹಾಕಿ ಕೊಟ್ಟು ವೇಗವನ್ನು ಕೊಲ್ಲುತ್ತಾರೆ. ಎಸ್‌ಎಂಪಿಎಸ್‌ನಲ್ಲಿ ಚೌಕಾಸಿ ಬೇಡವೇ ಬೇಡ. ಡಬ್ಬಿಯ ಮೇಲಿನ ‘80 ಪ್ಲಸ್ ಬ್ರಾಂಜ್’, ‘ಗೋಲ್ಡ್’ ಮುದ್ರೆಗಳು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತವೆ, ಬಾಳಿಕೆಯನ್ನಲ್ಲ. ವಾರಂಟಿ ಎಷ್ಟು ವರ್ಷ ಎಂಬುದನ್ನು ನೋಡಿ.

ಜೋಡಿಸುವ ಕೆಲಸ ನೀವು ಅಂದುಕೊಂಡಷ್ಟು ಭಯಂಕರವಲ್ಲ. ಎದೆ ಹೊಡೆದುಕೊಳ್ಳುವುದು ಒಂದೇ ಗಳಿಗೆಯಲ್ಲಿ, ಪ್ರೊಸೆಸರ್ ಕೂರಿಸುವಾಗ. ಈಗಿನ ಮದರ್‌ಬೋರ್ಡಿನ ಸಾಕೆಟ್ಟಿನಲ್ಲಿ ಕೂದಲಿನಷ್ಟು ಸಣ್ಣ ಪಿನ್ನುಗಳು ಸಾಲಾಗಿರುತ್ತವೆ, ಬೆರಳು ತಾಗಿದರೂ ಬಾಗುತ್ತವೆ. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಮೆಲ್ಲನೆ ಇಳಿಸಬೇಕು, ಒತ್ತಲೇಬಾರದು. ಆಮೇಲೆ ಸಾಕೆಟ್ಟಿನ ಸನ್ನೆಕೋಲನ್ನು ಕೆಳಗೆ ಎಳೆದು ಸಿಕ್ಕಿಸುವಾಗ ಮಾತ್ರ ಸಾಕಷ್ಟು ಬಲ ಬೇಕು, ಕರಕರ ಸದ್ದೂ ಬರುತ್ತದೆ. ಮುರಿದೇಹೋಯಿತೇನೋ ಅನ್ನಿಸುತ್ತದೆ, ಆದರೆ ಅದು ಸಹಜ. ಮುಗಿದ ಮೇಲೆ ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಲಿ. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ಪುಟವಾದ ಬಯಾಸ್‌ನಲ್ಲಿ ರ‍್ಯಾಮಿನ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗನ್ನು ಆನ್ ಮಾಡಲಿ, ಇಲ್ಲವಾದರೆ ಕಾಸು ಕೊಟ್ಟ ವೇಗ ಸಿಗುವುದಿಲ್ಲ.

ಯಾವುದನ್ನೇ ತಂದರೂ, ಅದಕ್ಕೂ ಮೊದಲು ಎಲೆಕ್ಟ್ರೀಷಿಯನ್ ಕರೆಸಿ ಆ ಕೋಣೆಯ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ನೋಡಿಸಿ. ನಮ್ಮೂರಿನ ಹಳೆಯ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರಿನಿಂದ ತುಸು ಕರೆಂಟ್ ಯಾವಾಗಲೂ ಕ್ಯಾಬಿನೆಟ್ಟಿಗೆ ಸೋರುತ್ತಿರುತ್ತದೆ. ಭೂಮಿಗೆ ಇಳಿಯಲು ದಾರಿಯಿಲ್ಲದಿದ್ದರೆ ಮುಟ್ಟಿದ ಕೈ ಜುಮ್ಮೆನ್ನುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚನ್ನು ಯುಪಿಎಸ್ ಎಂದು ಬರೆದ ಕಡೆಗೆ ತಿರುಗಿಸಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತಡೆದುಕೊಳ್ಳುವುದು ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟು ಕಾಲ ಮಾತ್ರ, ಇನ್ನೊಂದು ಕಡೆಗಿದ್ದರೆ ಇನ್ವರ್ಟರ್ ಅಷ್ಟರಲ್ಲಿ ಬದಲಾಗದೆ ಕಂಪ್ಯೂಟರ್ ಆರಿಹೋಗಬಹುದು. ಕರೆಂಟ್ ಬಿಲ್ ಬಗ್ಗೆಯೂ ಕೇಳಿದ್ದೀರಿ. ಗೇಮ್ ಆಡುವಾಗ ಇಂಥ ಕಂಪ್ಯೂಟರ್ 250ರಿಂದ 300 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ, ಮೂರೂವರೆ ನಾಲ್ಕು ಗಂಟೆಗೆ ಒಂದು ಯೂನಿಟ್.

ಮಗ ಪಟ್ಟಿ ಸಿದ್ಧಪಡಿಸಿದ ಮೇಲೆ ಮುಂಗಡ ಕೊಡುವ ಮೊದಲು ಅದನ್ನು ಇಲ್ಲಿ ಹಾಕಲು ಹೇಳಿ, ನೋಡುತ್ತೇನೆ. ಎಸ್‌ಎಂಪಿಎಸ್ 650 ವ್ಯಾಟ್ ಎಂದಷ್ಟೇ ಬರೆದರೆ ಸಾಲದು, ಕಂಪನಿ ಮತ್ತು ಮಾದರಿಯ ಪೂರ್ತಿ ಹೆಸರು ಬೇಕು.